ನಾವು ಸೋಲಿಸಿದ್ದಕ್ಕ ಸಿಎಂ ಆದ್ರಂತ!

ಎಲೆಕ್ಷನ್ ಹತ್ತಿರ ಬಂತೆಂದರೆ ಗಿಣಿಗೇರಾದ ಚಹಾದಂಗಡಿಯಿಂದ ಕುಷ್ಟಗಿ ಬಸ್ ಸ್ಟ್ಯಾಂಡಿನವರೆಗೂ ಒಂದು ಮಾತು ತಪ್ಪದೆ ಏಳುತ್ತದೆ: “1991ರಾಗ ಸಿದ್ದರಾಮಯ್ಯ ನಮ್ಮ ಕೊಪ್ಪಳದಾಗ ಗೆದ್ದಿದ್ರ ದಿಲ್ಲಿಗೆ ಹೋಗಿಬಿಡ್ತಿದ್ರು. ನಾವು ಸೋಲಿಸಿದ್ದಕ್ಕ ಸಿಎಂ ಆದ್ರು ನೋಡ್ರಿ!” ಹೇಳುವವರ ಮುಖದಲ್ಲಿ ತಾವೇ ಪ್ರಮಾಣವಚನ ಬೋಧಿಸಿದಷ್ಟು ಹೆಮ್ಮೆ.

ಸೋಲು ನಿಜ. ಜನತಾದಳದಿಂದ ಲೋಕಸಭೆಗೆ ನಿಂತಿದ್ದ ಅವರನ್ನು ಕಾಂಗ್ರೆಸ್ಸಿನ ಬಸವರಾಜ ಪಾಟೀಲ ಅನ್ವರಿ ಸುಮಾರು 11 ಸಾವಿರ ಮತಗಳಿಂದ ಸೋಲಿಸಿದರು. ಆದರೆ ಅದರ ಮೇಲೆ ಕಟ್ಟಿದ ಕಥೆ ನಿಲ್ಲುವುದಿಲ್ಲ. ಅದೇ 1991ರಲ್ಲಿ ದೇವೇಗೌಡರು ಹಾಸನದಿಂದ ಗೆದ್ದು ದಿಲ್ಲಿಗೆ ಹೋದರು. 1994ರಲ್ಲಿ ವಾಪಸ್ ಬಂದು ಮುಖ್ಯಮಂತ್ರಿಯಾದರು. ದಿಲ್ಲಿಗೆ ಹೋದವರಿಗೆ ಬೆಂಗಳೂರಿನ ಬಾಗಿಲು ಮುಚ್ಚುತ್ತದೆ ಅಂತ ಯಾರು ಹೇಳಿದ್ದು? ಅದೇ ವರ್ಷ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆ ಸಿದ್ದು ನ್ಯಾಮಗೌಡರ ಎದುರು ಸೋತರು. ಸೋಲೇ ಏಣಿಯಾಗುವುದಾದರೆ ಹೆಗಡೆ ಮತ್ತೆ ಮುಖ್ಯಮಂತ್ರಿ ಯಾಕಾಗಲಿಲ್ಲ? 2006ರ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ ಗೆದ್ದದ್ದು ಬರೀ 257 ಮತಗಳಿಂದ. ಹಾಗೆ ನೋಡಿದರೆ ಸಿಎಂ ಮಾಡಿದ ಕೀರ್ತಿ ನಮಗಿಂತ ಅಲ್ಲಿನವರಿಗೇ ಹೆಚ್ಚು ಸಲ್ಲಬೇಕು.

ಅಮೆರಿಕದಲ್ಲಿ ಇಂಥ ‘ಆಗಿದ್ದರೆ’ ಕಥೆಗಳ ದೊಡ್ಡ ಸಂತೆಯೇ ಇದೆ. ಸೋತವರನ್ನು ಗೆಲ್ಲಿಸುತ್ತಾರೆ, ಚುನಾವಣೆಗೇ ನಿಲ್ಲದವರನ್ನು ಅಧ್ಯಕ್ಷರನ್ನಾಗಿ ಮಾಡುತ್ತಾರೆ. ಫಿಲಿಪ್ ರಾತ್ 2004ರಲ್ಲಿ ‘ದ ಪ್ಲಾಟ್ ಅಗೇನ್ಸ್ಟ್ ಅಮೆರಿಕ’ ಎಂಬ ಕಾದಂಬರಿ ತಂದ. 1940ರಲ್ಲಿ ವಿಮಾನಿ ಲಿಂಡ್‌ಬರ್ಗ್ ರೂಸ್‌ವೆಲ್ಟರನ್ನು ಸೋಲಿಸಿದ್ದರೆ ಎಂಬ ಕಲ್ಪನೆ ಅದು. ಆದರೆ ಆತ ಕಥೆಯನ್ನು ಕೂರಿಸಿದ್ದು ಅಧ್ಯಕ್ಷರ ಮನೆಯಲ್ಲಲ್ಲ, ನೆವಾರ್ಕಿನ ಒಂದು ಸಾಮಾನ್ಯ ಯಹೂದಿ ಕುಟುಂಬದಲ್ಲಿ. ಖುರ್ಚಿಯ ಮೇಲಿನವರು ಬದಲಾದರೆ ಆ ಮನೆಯ ಗತಿ ಏನಾಗುತ್ತಿತ್ತು ಎಂಬುದೇ ಅವನ ಪ್ರಶ್ನೆ.

ನಮ್ಮ ಕಥೆಯಲ್ಲಿ ಆ ಮನೆಯೇ ಇಲ್ಲ. ಇರುವುದು ನಾಯಕರ ಕರಿಯರ್ ಒಂದೇ. ಕೊಪ್ಪಳದ ಮತದಾರ ಅಂದರೆ ಅವರ ಕಾರು ತಿರುಗಿಸಿದ ರಸ್ತೆಬದಿಯ ಕಲ್ಲು. ಗೆದ್ದ ಅನ್ವರಿಯವರು ಸಂಸತ್ತಿನಲ್ಲಿ ನಮಗಾಗಿ ಏನು ಕೇಳಿದರು ಅಂತ ಚಹಾ ಕುಡಿಯುವಾಗ ಯಾರಾದರೂ ಮಾತಾಡಿದ್ದುಂಟಾ?

‘ಆಗಿದ್ದರೆ’ ಬೇಕೇ ಬೇಕು ಅನ್ನುವುದಾದರೆ ನಮ್ಮೂರಿನವೇ ಸಾಕಷ್ಟಿವೆ. ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997–98ರಲ್ಲಿ. ಗಿಣಿಗೇರಾದಿಂದ ಹೊರಟ ಹಳಿಯ ಮೇಲೆ ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಅದು ಹತ್ತು ವರ್ಷದಲ್ಲಿ ಮುಗಿದಿದ್ದರೆ ಗಂಗಾವತಿ, ಕಾರಟಗಿಯ ಅಕ್ಕಿ ಎಷ್ಟು ಲಾರಿ ಬಾಡಿಗೆ ಉಳಿಸುತ್ತಿತ್ತು? 371(ಜೆ) ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 2012ರ ಡಿಸೆಂಬರಿನಲ್ಲಿ. ಇಪ್ಪತ್ತು ವರ್ಷ ಮೊದಲೇ ಆಗಿದ್ದರೆ ಯಲಬುರ್ಗಾ, ಕುಷ್ಟಗಿಯ ಎಷ್ಟು ಹುಡುಗರು, ಹುಡುಗಿಯರು ಡಾಕ್ಟರು, ಮೇಷ್ಟ್ರು ಆಗಿರುತ್ತಿದ್ದರು? ಕಾರ್ಖಾನೆಗಳಿಗೆ ಒಪ್ಪಿಗೆ ಕೊಡುವ ಮುಂಚೆ ಊರು ಎಷ್ಟು ಹತ್ತಿರ ಐತಿ ಅಂತ ಸರಿಯಾಗಿ ಅಳೆದಿದ್ದರೆ ಗಿಣಿಗೇರಾ ಸುತ್ತಿನ ಮನೆಗಳ ಮಾಳಿಗೆ ಮೇಲೆ ಕರಿ ಬೂದಿ ಕೂರುತ್ತಿತ್ತಾ?

“ಟೈಮ್ ಪಾಸ್ ಮಾತು, ಬಿಡ್ರಿ” ಅಂತೀರಿ. ಬಿಡಬಹುದಿತ್ತು. ಆದರೆ ಈ ಟೈಮ್ ಪಾಸು ಎಲ್ಲ ಪಕ್ಷದ ನಾಯಕರಿಗೂ ಲಾಭದ್ದು. ತಮ್ಮ ಏಳುಬೀಳಿನ ಕಥೆ ಹೇಳುತ್ತಾರೆ, ನಾವು ಚಪ್ಪಾಳೆ ಹೊಡೆಯುತ್ತೇವೆ, ಲೆಕ್ಕ ಕೇಳುವ ಹೊತ್ತು ಮುಗಿದುಹೋಗುತ್ತದೆ. ನಮ್ಮ ಮತ ಅವರ ಜಾತಕದ ಒಂದು ಗ್ರಹವಾಗಿ ಉಳಿಯುತ್ತದೆ.

ಮುಂದಿನ ಸಲ ಯಾರಾದರೂ ಈ ಕಥೆ ತೆಗೆದರೆ ಇಷ್ಟೇ ಕೇಳಿರಿ: “ಆಯ್ತ್ರಿ, ಅದು ಅವರ ಕಥಿ ಆತು. ಅವ್ರು ಗೆದ್ದಿದ್ರ ನಿಮ್ಮ ಓಣಿ ನಳಕ್ಕ ನೀರು ಯಾವಾಗ ಬರ್ತಿತ್ತು?”