ಪೋಷಕರ ಮಾತಿಗೆ ಪಾಠ ಯೋಜನೆಯಲ್ಲಿ ಜಾಗವಿರಲಿ

ಕಳೆದ ವರ್ಷದ ಅಭ್ಯಾಸ ಬೋಧನೆಯ ಸಮಯದಲ್ಲಿ ಒಬ್ಬ ಪ್ರಶಿಕ್ಷಣಾರ್ಥಿಯ ಅವಲೋಕನ ಪುಸ್ತಕದಲ್ಲಿ ನಾನು ‘ತರಗತಿ ನಿಯಂತ್ರಣ ಸಾಲದು’ ಎಂದು ಷರಾ ಬರೆದೆ. ಅದು ಆರನೆಯ ತರಗತಿಯ ವಿಜ್ಞಾನ ಪಾಠ. ಪಕ್ಕದ ಕೊಠಡಿಯ ಮಕ್ಕಳು ಒಟ್ಟಾಗಿ ಮಗ್ಗಿ ಹೇಳತೊಡಗಿದಾಗ ಒಬ್ಬ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಎದ್ದುಹೋಗಿ ಬಾಗಿಲ ಬಳಿ ನಿಂತ. ಪ್ರಶಿಕ್ಷಣಾರ್ಥಿ ಅವನನ್ನು ಗದರಲಿಲ್ಲ, ಕರೆಯಲೂ ಇಲ್ಲ. ಮಗ್ಗಿ ನಿಂತ ಮೇಲೆ ಅವನೇ ಬಂದು ಕುಳಿತ. ಹುಡುಗನಿಗೆ ಆಟಿಸಂ ಇದೆಯೆಂಬುದು ನನಗೆ ಗೊತ್ತಾದದ್ದು ಸಂಜೆ. ಪ್ರಶಿಕ್ಷಣಾರ್ಥಿ ಮೊದಲ ದಿನವೇ ಗೇಟಿನ ಬಳಿ ಅವನ ತಾಯಿಯನ್ನು ಮಾತನಾಡಿಸಿದ್ದರು. ‘ಗದ್ದಲವಾದಾಗ ಸ್ವಲ್ಪ ದೂರ ನಿಲ್ಲಲು ಬಿಡಿ ಮೇಡಂ, ತಾನೇ ಬರುತ್ತಾನೆ’ ಎಂದು ಆ ತಾಯಿ ಹೇಳಿದ್ದರಂತೆ. ಆ ತರಗತಿಯಲ್ಲಿ ಕಲಿಯಬೇಕಾಗಿದ್ದವನು ನಾನು.

ಆಟಿಸಂನ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ನಡೆದಿದೆ. ತಾಯಂದಿರ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ಅಮೆರಿಕದಲ್ಲಿ ತಜ್ಞರೇ ನಂಬಿದ್ದ ಕಾಲವೊಂದಿತ್ತು. 1964ರಲ್ಲಿ ಪುಸ್ತಕ ಬರೆದು ಆ ನಂಬಿಕೆಯನ್ನು ಅಲುಗಾಡಿಸಿದ ಬರ್ನಾರ್ಡ್ ರಿಮ್ಲೆಂಡ್ ಮನೋವಿಜ್ಞಾನಿ ಮಾತ್ರವಲ್ಲ, ಆಟಿಸಂ ಇರುವ ಮಗನ ತಂದೆ. ಮೂರು ದಶಕಗಳ ನಂತರ ಹಾಲಿವುಡ್ಡಿನ ನಿರ್ಮಾಪಕ ಜಾನ್ ಶೆಸ್ಟ್ಯಾಕ್ ಅದೇ ದಾರಿಗೆ ಬಂದರು. ‘ಏರ್ ಫೋರ್ಸ್ ಒನ್’ (1997) ಚಿತ್ರದ ನಿರ್ಮಾಪಕರಲ್ಲಿ ಅವರೂ ಒಬ್ಬರು. ಮಗನಿಗೆ ಆಟಿಸಂ ಇದೆಯೆಂದು ತಿಳಿದ ಮೇಲೆ ಅವರೂ ಪತ್ನಿ ಪೋರ್ಷಿಯಾ ಐವರ್ಸನ್ ಅವರೂ ಸೇರಿ 1995ರಲ್ಲಿ ‘ಕ್ಯೂರ್ ಆಟಿಸಂ ನೌ’ ಸಂಸ್ಥೆ ಕಟ್ಟಿದರು. ಕುಟುಂಬಗಳಿಂದ ವಂಶವಾಹಿ ಮಾದರಿಗಳನ್ನು ಸಂಗ್ರಹಿಸಿ ಎಲ್ಲ ಸಂಶೋಧಕರಿಗೂ ಸಿಗುವಂತೆ ಮಾಡಿದ್ದು ಈ ಸಂಸ್ಥೆಯ ದೊಡ್ಡ ಕೆಲಸ. ಸಂಶೋಧನೆಗೆ ಹಣ ಒದಗಿಸುವ 2006ರ ಅಮೆರಿಕದ ಕಾನೂನಿಗಾಗಿಯೂ ಶೆಸ್ಟ್ಯಾಕ್ ಓಡಾಡಿದರು.

ಹಾಗೆಂದು ಪೋಷಕರು ಹೇಳಿದ್ದೆಲ್ಲ ಸರಿ ಎಂದು ನಾನು ವಾದಿಸುತ್ತಿಲ್ಲ. ಬೆಂಗಳೂರಿನಲ್ಲಿದ್ದ ಸೋಮಾ ಮುಖೋಪಾಧ್ಯಾಯ ಅವರು ಮಾತು ಬಾರದ ಮಗ ಟಿಟೊನಿಗೆ ತಾವೇ ಓದು ಬರಹ ಕಲಿಸಿದ್ದರು. 2001ರಲ್ಲಿ ಇದೇ ಸಂಸ್ಥೆಯ ಆಹ್ವಾನದ ಮೇಲೆ ತಾಯಿ ಮಗ ಲಾಸ್ ಏಂಜಲೀಸ್‌ಗೆ ಹೋದರು. ಟಿಟೊ ಲೇಖಕನಾಗಿ ಹೆಸರಾದರು. ಆದರೆ ಅಕ್ಷರ ಫಲಕ ಹಿಡಿದು ಕಲಿಸುವ ಸೋಮಾ ಅವರ ವಿಧಾನವನ್ನು ಬಳಸಬಾರದೆಂದು ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 2018ರಲ್ಲಿ ಹೇಳಿತು. ಮೂಡಿಬರುವ ಮಾತು ಮಗುವಿನದೋ ಫಲಕ ಹಿಡಿದವರದೋ ಎಂಬುದಕ್ಕೆ ಪುರಾವೆ ಸಾಲದು ಎಂಬುದು ಅದರ ಆಕ್ಷೇಪ. ‘ಕ್ಯೂರ್’, ಅಂದರೆ ವಾಸಿ ಮಾಡುವುದು ಎಂಬ ಮಾತನ್ನೇ ಆಟಿಸಂ ಇರುವ ಅನೇಕ ವಯಸ್ಕರು ಒಪ್ಪುವುದಿಲ್ಲ. ಶೆಸ್ಟ್ಯಾಕ್ ಅವರ ಸಂಸ್ಥೆ 2007ರಲ್ಲಿ ‘ಆಟಿಸಂ ಸ್ಪೀಕ್ಸ್’ನಲ್ಲಿ ವಿಲೀನವಾಯಿತು. ಆ ಸಂಸ್ಥೆಯೂ 2016ರಲ್ಲಿ ತನ್ನ ಧ್ಯೇಯವಾಕ್ಯದಿಂದ ಆ ಪದವನ್ನು ಕೈಬಿಟ್ಟಿತು.

ಹಾಗಾದರೆ ಶಿಕ್ಷಕರು ಏನು ಮಾಡಬೇಕು? ಮಗುವಿಗೆ ಯಾವುದರಿಂದ ತೊಂದರೆ, ಯಾವುದರಿಂದ ನೆಮ್ಮದಿ ಎಂಬುದನ್ನು ಪೋಷಕರಿಂದ ಕೇಳಿ ತಿಳಿಯಬೇಕು. ಯಾವ ಬೋಧನಾ ವಿಧಾನ ಫಲ ಕೊಡುತ್ತದೆ ಎಂಬುದನ್ನು ಪುರಾವೆಯಿಂದ ನಿರ್ಧರಿಸಬೇಕು. ಮಗು ತಾನೇ ಹೇಳಬಲ್ಲುದಾದರೆ, ಸನ್ನೆಯಲ್ಲೋ ಚಿತ್ರದಲ್ಲೋ ತೋರಿಸಬಲ್ಲುದಾದರೆ, ಅದರ ಮಾತೇ ಮೊದಲು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಗುರುತಿಸುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಅಂದರೆ ಈ ಮಕ್ಕಳು ನಮ್ಮ ಸಾಮಾನ್ಯ ಶಾಲೆಗಳಿಗೆ ಬರುವುದು ನಮ್ಮ ಔದಾರ್ಯದಿಂದಲ್ಲ, ತಮ್ಮ ಹಕ್ಕಿನಿಂದ. ಆದರೂ ಏಪ್ರಿಲ್ 2ರಂದು ಭಿತ್ತಿಪತ್ರ ಅಂಟಿಸಿ, ಭಾಷಣ ಮಾಡಿದರೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ಲಕ್ಷಣಗಳನ್ನು ಪಟ್ಟಿ ಮಾಡಿ ಅಂಕ ಪಡೆದವರು, ಕಿವಿ ಮುಚ್ಚಿಕೊಂಡ ಮಗುವನ್ನು ಎದುರಿಗೆ ಕಂಡಾಗ ‘ಅಶಿಸ್ತು’ ಎನ್ನುತ್ತಾರೆ. ನಾನೂ ಹಾಗೇ ಮಾಡಿದೆ.

ನನ್ನ ಸಲಹೆ ಚಿಕ್ಕದು. ಅಭ್ಯಾಸ ಬೋಧನೆಯ ಮೊದಲ ವಾರದಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಯೂ ವಿಶೇಷ ಅಗತ್ಯವಿರುವ ಒಂದು ಮಗುವಿನ ಪೋಷಕರೊಡನೆ, ತರಗತಿ ಶಿಕ್ಷಕರ ಮೂಲಕ, ಹತ್ತು ನಿಮಿಷ ಮಾತನಾಡಲಿ. ರೋಗದ ಹೆಸರು ಕೇಳುವುದು ಬೇಡ. ಮಗುವಿಗೆ ಏನು ಇಷ್ಟ, ಏನು ಕಷ್ಟ, ಕಷ್ಟವಾದಾಗ ಮನೆಯಲ್ಲಿ ಏನು ಮಾಡುತ್ತಾರೆ ಎಂಬ ಮೂರೇ ಪ್ರಶ್ನೆ ಸಾಕು. ಉತ್ತರದ ಒಂದು ಸಾಲು ಪಾಠ ಯೋಜನೆಯಲ್ಲಿ ಬರಲಿ. ಅವಲೋಕನಕ್ಕೆ ಕುಳಿತ ನಾವು ಷರಾ ಬರೆಯುವ ಮೊದಲು ಆ ಸಾಲನ್ನು ಓದೋಣ. ಅರವತ್ತು ಮಕ್ಕಳ ತರಗತಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೇಳಬಹುದು. ಆ ದಿನ ಪಾಠ ನಿಲ್ಲದೆ ನಡೆದದ್ದು ಗೇಟಿನ ಬಳಿ ಮೊದಲೇ ಆಡಿದ್ದ ನಾಲ್ಕು ಮಾತಿನಿಂದ.

ನನ್ನ ಷರಾವನ್ನು ಮರುದಿನ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದೆ. ಅಂಕವನ್ನೂ ತಿದ್ದಿದೆ.