ಬೀಜವಿಲ್ಲದ ಬಾಳೆ ಕಲಿಸುವ ಪಾಠ

ಜೀವಶಾಸ್ತ್ರವನ್ನು ಓದುವ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಭಾವನೆ ಬೇರೂರಿರುವುದುಂಟು. ನಿರ್ಲಿಂಗ ಸಂತಾನೋತ್ಪತ್ತಿಯು ಅಮೀಬ, ಹೈಡ್ರ ಮೊದಲಾದ ಕೆಳದರ್ಜೆಯ ಜೀವಿಗಳಿಗೆ ಸೇರಿದ ಹಳೆಯ ಪದ್ಧತಿ. ಮೇಲ್ದರ್ಜೆಯ ಜೀವಿಗಳು ಅದನ್ನು ದಾಟಿ ಬಂದಿವೆ ಎಂಬುದೇ ಆ ಭಾವನೆ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಈ ಪದ್ಧತಿಯನ್ನು ಕೀಳೆಂದು ತಳ್ಳುವುದು ತಪ್ಪು. ಅದರ ಸೌಕರ್ಯಕ್ಕೆ ಮರುಳಾಗಿ ಅದೊಂದನ್ನೇ ನಂಬಿ ಕುಳಿತುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಈ ಎರಡನೆಯ ತಪ್ಪಿಗೆ ಮಾನವನು ಈಗಾಗಲೇ ಬೆಲೆ ತೆತ್ತಿದ್ದಾನೆ, ಇಂದಿಗೂ ತೆರುತ್ತಲಿದ್ದಾನೆ.

ಮೊದಲು ಈ ಪದ್ಧತಿಯ ಹಿರಿಮೆಯನ್ನು ನೋಡೋಣ. ಅನುಕೂಲ ಪರಿಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಗಳಿಗೊಮ್ಮೆ ಇಬ್ಭಾಗವಾಗುತ್ತವೆ. ಈ ಲೆಕ್ಕದಲ್ಲಿ ಒಂದೇ ಜೀವಕಣದ ಸಂತತಿಯು ಏಳು ಗಂಟೆಗಳಲ್ಲಿ 20 ಲಕ್ಷವನ್ನು ಮೀರುವುದು. ಕೊಳದ ನೀರಿನ ಹೈಡ್ರದ ಮೈಮೇಲೆ ಮೊಗ್ಗು ಮೂಡಿ, ಬೆಳೆದು, ಕಳಚಿಕೊಂಡು ಬೇರೆ ಜೀವಿಯಾಗುತ್ತದೆ. ಇದೇ ಹೈಡ್ರವನ್ನು ತುಂಡುಮಾಡಿದರೆ ತುಂಡುಗಳು ಮತ್ತೆ ಪೂರ್ಣ ಜೀವಿಗಳಾಗಿ ಬೆಳೆಯುವುವೆಂಬುದನ್ನು ಏಬ್ರಹಾಂ ಟ್ರೆಂಬ್ಲೆ ಎಂಬ ವಿಜ್ಞಾನಿಯು 1744ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಹೂಬಿಡುವ ಗಿಡಗಳಾದರೂ ಈ ಮಾರ್ಗವನ್ನು ಬಿಟ್ಟಿಲ್ಲ. ಕಾಡುಬಸಳೆಯ ಎಲೆಯಂಚಿನಲ್ಲಿ ಮರಿಗಿಡಗಳು ಹುಟ್ಟುತ್ತವೆ. ಶುಂಠಿ, ಅರಿಸಿನ, ಆಲೂಗೆಡ್ಡೆ, ಕಬ್ಬು ಇವುಗಳಲ್ಲಿ ಯಾವುದನ್ನೂ ನಮ್ಮ ರೈತನು ಸಾಮಾನ್ಯವಾಗಿ ಬೀಜದಿಂದ ಬೆಳೆಯುವುದಿಲ್ಲ. ಗೆಡ್ಡೆಯನ್ನೋ ಕಾಂಡದ ತುಂಡನ್ನೋ ನೆಡುತ್ತಾನೆ. ಇಷ್ಟು ಉಪಕಾರಿಯಾದ ಪದ್ಧತಿಯನ್ನು ಕೆಳದರ್ಜೆಯದೆನ್ನುವುದು ಹೇಗೆ?

ಈ ಪದ್ಧತಿಯ ಗುಣವೇನು? ಸಂಗಾತಿಯ ಅಗತ್ಯವಿಲ್ಲ, ವೃದ್ಧಿ ಶೀಘ್ರ, ಎಲ್ಲಕ್ಕಿಂತ ಮಿಗಿಲಾಗಿ, ತಾಯಿಯ ಗುಣಗಳೆಲ್ಲವೂ ಮರಿಯಲ್ಲಿ ಹಾಗೆಯೇ ಉಳಿಯುತ್ತವೆ. ಎಂದಾದರೊಮ್ಮೆ ತಲೆದೋರುವ ಆಕಸ್ಮಿಕ ವ್ಯತ್ಯಾಸವನ್ನು ಬಿಟ್ಟರೆ ಮರಿಯು ತಾಯಿಯ ಪಡಿಯಚ್ಚು. ರುಚಿಯಾದ ಹಣ್ಣಿನ ಗಿಡವೊಂದು ದೊರೆತರೆ ಆ ರುಚಿಯನ್ನು ಸಾವಿರ ತೋಟಗಳಿಗೆ ಹಂಚಬಹುದು. ಆದರೆ ತಾಯಿಯ ಗುಣದೊಡನೆ ತಾಯಿಯ ದೌರ್ಬಲ್ಯವೂ ಸಾವಿರ ತೋಟಗಳಿಗೆ ಹಂಚಿಹೋಗುತ್ತದೆ. ಅಪಾಯದ ಮೂಲವು ಇಲ್ಲಿದೆ.

ಐರ್ಲೆಂಡಿನ ಬಡಜನರು ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ‘ಲಂಪರ್’ ಎಂಬ ಒಂದೇ ತಳಿಯ ಆಲೂಗೆಡ್ಡೆಯನ್ನು ಅವಲಂಬಿಸಿದ್ದರು. 1845ರಲ್ಲಿ ಅಂಗಮಾರಿ ರೋಗವು ಆ ದೇಶವನ್ನು ಹೊಕ್ಕಿತು. ಒಂದು ಗಿಡವನ್ನು ಕೊಲ್ಲಬಲ್ಲ ರೋಗವು ಎಲ್ಲ ಗಿಡಗಳನ್ನೂ ಕೊಲ್ಲಬಲ್ಲದಾಗಿತ್ತು. ಆಳುವವರ ಅನಾಸ್ಥೆಯೂ ಇದರೊಡನೆ ಸೇರಿ ಸುಮಾರು ಹತ್ತು ಲಕ್ಷ ಜನರು ಹಸಿವು ರೋಗಗಳಿಂದ ಮಡಿದರು.

ಬಾಳೆಯ ಕಥೆಯು ಇನ್ನೂ ಮುಗಿದಿಲ್ಲ. ಕಾಡುಬಾಳೆಯಲ್ಲಿ ಗಟ್ಟಿ ಬೀಜಗಳಿವೆ. ಅದರ ಪ್ರತಿ ಜೀವಕಣದಲ್ಲಿ 22 ವರ್ಣತಂತುಗಳಿರುತ್ತವೆ. ನಾವು ತಿನ್ನುವ ಬಾಳೆಯ ಹೆಚ್ಚಿನ ತಳಿಗಳಲ್ಲಿ 33 ವರ್ಣತಂತುಗಳಿವೆ. ಮೂರು ಜೊತೆಗಳನ್ನು ಸಮನಾಗಿ ಎರಡು ಪಾಲು ಮಾಡಲು ಬಾರದುದರಿಂದ ಅಲ್ಲಿ ಬೀಜವು ಕಟ್ಟುವುದಿಲ್ಲ. ಆದುದರಿಂದ ಬುಡದಲ್ಲಿ ಏಳುವ ಕಂದುಗಳೇ ಗತಿ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ‘ಗ್ರೋ ಮಿಷೆಲ್’ ಎಂಬ ಒಂದೇ ತಳಿಯು ವಿದೇಶೀ ವ್ಯಾಪಾರವನ್ನು ಆಳುತ್ತಿತ್ತು. ಪನಾಮಾ ಸೊರಗು ರೋಗವು ಮಧ್ಯ ಅಮೆರಿಕದ ತೋಟಗಳನ್ನು ಹಾಳುಗೆಡವಲು, 1960ರ ದಶಕದ ವೇಳೆಗೆ ವ್ಯಾಪಾರಿಗಳು ಅದನ್ನು ಕೈಬಿಟ್ಟು ‘ಕ್ಯಾವೆಂಡಿಷ್’ ತಳಿಗಳನ್ನು ನೆಟ್ಟರು. ಇವು ಆ ರೋಗವನ್ನು ತಡೆಯಬಲ್ಲವಾಗಿದ್ದವು. ಆದರೆ ಪಾಠವನ್ನು ಮಾತ್ರ ಯಾರೂ ಕಲಿಯಲಿಲ್ಲ. ಒಂದು ಪಡಿಯಚ್ಚಿನ ಸ್ಥಾನಕ್ಕೆ ಮತ್ತೊಂದು ಪಡಿಯಚ್ಚು ಬಂದಿತು. ಇದೇ ರೋಗಾಣುವಿನ ಹೊಸ ಬಗೆಯೊಂದು ಈಗ ಕ್ಯಾವೆಂಡಿಷ್‌ನ್ನೂ ಕೊಲ್ಲುತ್ತಿದೆ. ಆಗ್ನೇಯ ಏಷ್ಯದ ತೋಟಗಳನ್ನು ಕೆಡಿಸಿದ ಅದು 2019ರಲ್ಲಿ ಕೊಲಂಬಿಯದಲ್ಲಿ ದೃಢಪಟ್ಟಿತು. ನಮ್ಮ ಬಿಹಾರದಲ್ಲಿಯೂ ಕಾಣಿಸಿಕೊಂಡಿದೆ. ಕನ್ನಡನಾಡಿನ ಹೆಮ್ಮೆಯಾದ ನಂಜನಗೂಡು ರಸಬಾಳೆಯು ಹಿಂದೆಯೇ ಪನಾಮಾ ರೋಗಕ್ಕೆ ಸಿಕ್ಕಿ ಅಪರೂಪವಾಯಿತೆಂಬುದನ್ನು ಓದುಗರು ಬಲ್ಲರು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಈ ರೋಗವನ್ನು ತರುವ ಶಿಲೀಂಧ್ರದಲ್ಲಿಯೂ ಲೈಂಗಿಕ ಹಂತವು ಇದುವರೆಗೆ ಕಂಡುಬಂದಿಲ್ಲ. ಶತ್ರುವು ನಿರ್ಲಿಂಗ ಪದ್ಧತಿಯಿಂದಲೇ ಗೆಲ್ಲುತ್ತಿರುವಾಗ ಪದ್ಧತಿಯನ್ನು ದೂರುವುದೇಕೆ? ಪ್ರಶ್ನೆಯು ಯೋಗ್ಯವಾದುದೇ. ಆದರೆ ಶಿಲೀಂಧ್ರವು ಅಲ್ಪಕಾಲದಲ್ಲಿ ಲೆಕ್ಕವಿಲ್ಲದಷ್ಟು ಬೀಜಕಗಳನ್ನು ಚೆಲ್ಲುತ್ತದೆ. ಅಷ್ಟು ಸಂಖ್ಯೆಯಲ್ಲಿ ಆಕಸ್ಮಿಕ ವ್ಯತ್ಯಾಸಗಳಿಗೆ ಅವಕಾಶ ಬಹಳ. ಬಾಳೆಗೆ ಆ ಸಂಖ್ಯೆಯೂ ಇಲ್ಲ, ಆ ವೇಗವೂ ಇಲ್ಲ. ಅಲ್ಲದೆ ವ್ಯತ್ಯಾಸಗೊಂಡ ಕಂದನ್ನು ಮನುಷ್ಯನೇ ಕಿತ್ತೆಸೆಯುತ್ತಾನೆ.

ಅಂಗಾಂಶ ಕೃಷಿಯಿಂದ ಎಲ್ಲವೂ ಪರಿಹಾರವಾಗುವುದೆಂದು ಕೆಲವರು ನಂಬಿದ್ದಾರೆ. ಪ್ರಯೋಗಶಾಲೆಯ ಸಸಿಯು ರೋಗವಿಲ್ಲದೆ ತೋಟಕ್ಕೆ ಬರುವುದೇನೋ ನಿಜ, ಅದು ಸಣ್ಣ ಲಾಭವಲ್ಲ. ಆದರೆ ಆ ಸಸಿಯೂ ಪಡಿಯಚ್ಚೇ. ರೋಗಾಣುವು ದಶಕಗಳ ಕಾಲ ಅಡಗಿರುವ ಮಣ್ಣಿನಲ್ಲಿ ನೆಟ್ಟರೆ ಅದರ ಗತಿಯೂ ತಾಯಿಯ ಗತಿಯೇ. ಆಸ್ಟ್ರೇಲಿಯದಲ್ಲಿ 2024ರಲ್ಲಿ ಅನುಮತಿ ಪಡೆದ, ರೋಗವನ್ನು ತಡೆಯುವ ಕ್ಯಾವೆಂಡಿಷ್ ತಳಿಯನ್ನು ನೋಡಿ. ಅದಕ್ಕೆ ಸೇರಿಸಿದ ವಂಶವಾಹಿಯು ದೊರೆತುದು ಕಾಡುಬಾಳೆಯಲ್ಲಿ! ಬೀಜದ ಮೂಲಕ ಬೆರೆತು, ವೈವಿಧ್ಯವನ್ನು ಉಳಿಸಿಕೊಂಡ ಆ ಒರಟು ಗಿಡವು ಇಲ್ಲದಿದ್ದರೆ ವಿಜ್ಞಾನಿಯು ಎಲ್ಲಿಗೆ ಹೋಗಬೇಕಾಗಿತ್ತು?

ಪ್ರಕೃತಿಯು ಎರಡು ಮಾರ್ಗಗಳನ್ನೂ ಬಲ್ಲದು. ಶೀತದೇಶಗಳ ಸಸ್ಯಹೇನುಗಳು ಆಹಾರವು ಸಮೃದ್ಧವಾದ ಬೇಸಗೆಯಲ್ಲಿ ಗಂಡಿಲ್ಲದೆಯೇ ಮರಿಹಾಕುತ್ತವೆ. ಚಳಿಗಾಲ ಸಮೀಪಿಸಿದಾಗ ಗಂಡುಹೆಣ್ಣುಗಳು ಹುಟ್ಟಿ, ಕೂಡಿ, ಮೊಟ್ಟೆಯಿಡುತ್ತವೆ. ಒಳ್ಳೆಯ ದಿನಗಳಲ್ಲಿ ವೇಗ, ಕಷ್ಟಕಾಲಕ್ಕೆ ವೈವಿಧ್ಯ. ಮಾನವನು ಮೊದಲನೆಯದನ್ನು ಮಾತ್ರ ಎತ್ತಿಕೊಂಡು ಎರಡನೆಯದನ್ನು ಮರೆತಿದ್ದಾನೆ.

ಕಂದು ನೆಡುವುದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಅದು ಸಾಧ್ಯವೂ ಅಲ್ಲ. ಒಂದೇ ತಾಯಿಯ ಕಂದುಗಳಿಂದ ನಾಡನ್ನೆಲ್ಲ ತುಂಬಬಾರದೆಂದಷ್ಟೇ ನಮ್ಮ ವಾದ. ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನ ಕೇಂದ್ರದಂಥ ಸಂಸ್ಥೆಗಳು ತಳಿಗಳನ್ನು ಸಂಗ್ರಹಿಸಿ ಕಾಪಾಡುತ್ತಿವೆ. ಆದರೆ ಸಂಗ್ರಹಾಲಯದಲ್ಲಿ ಉಳಿದ ತಳಿಯು ತೋಟವನ್ನು ರಕ್ಷಿಸದು. ತೋಟದಲ್ಲಿ ಬೆಳೆದಾಗಲೇ ಅದಕ್ಕೆ ಬಾಳು. ಕೊಳ್ಳುವವರು ಇಲ್ಲದೆ ಬೆಳೆಯುವವರು ಇರುವುದಿಲ್ಲ. ಪುಟ್ಟಬಾಳೆ, ರಸಬಾಳೆ, ನೇಂದ್ರಗಳನ್ನು ಕೇಳಿ ಕೊಳ್ಳುವ ಮನೆಗಳು ಹೆಚ್ಚಿದಷ್ಟೂ ನಮ್ಮ ತೋಟಗಳು ಕ್ಷೇಮವಾಗಿರುವುವು. ತರಗತಿಯಲ್ಲಿ ಹೈಡ್ರದ ಚಿತ್ರವನ್ನು ಬರೆಯುವ ವಿದ್ಯಾರ್ಥಿಗಳು ಸಂತೆಯಲ್ಲಿಯೂ ಈ ಪಾಠವನ್ನು ನೆನೆಯಲೆಂದು ನಾವು ಆಶಿಸುತ್ತೇವೆ.