ಬೋರ್ಡಿಗೆ ಈಜು ಬರಲ್ಲ

ನಮ್ಮ ಮಂಡ್ಯ ಜಿಲ್ಲೆಯ ಹೊಳೆ ದಂಡೆಗಳಲ್ಲಿ ಒಬ್ಬ ನೌಕರ ಸದಾ ಡ್ಯೂಟಿ ಮೇಲಿರ್ತಾನೆ. ಬಿಸಿಲು ಮಳೆ ಅನ್ನಲ್ಲ, ಸಂಬಳ ಕೇಳಲ್ಲ, ಭಾನುವಾರವೂ ರಜೆ ಹಾಕಲ್ಲ. ಅವನ ಹೆಸರು ಬೋರ್ಡು. ‘ಎಚ್ಚರಿಕೆ, ಇಲ್ಲಿ ಈಜುವುದನ್ನು ನಿಷೇಧಿಸಿದೆ.’ ಯಾರಾದರೂ ಮುಳುಗಿದರೆ ಒಂದು ಬೋರ್ಡು ಎರಡಾಗುತ್ತೆ. ಮಾರನೇ ದಿನ ಸುದ್ದಿ ಓದಿದ ನಾವು ಬೆಂಗಳೂರಿನಲ್ಲಿ ಕೂತು ‘ಈ ಜನಕ್ಕೆ ಯಾವಾಗ ಬುದ್ಧಿ ಬರುತ್ತೋ’ ಅಂದು ಮೊಬೈಲ್ ಮೇಲೆ ಬೆರಳು ಸರಿಸ್ತೀವಿ. ಅಲ್ಲಿಗೆ ಕೇಸ್ ಕ್ಲೋಸ್.

ನನ್ನ ತಕರಾರು ಇಷ್ಟೇ. ಬೋರ್ಡು ಯಾರನ್ನೂ ಕಾಪಾಡಲ್ಲ. ‘ನಾವು ಹೇಳಿದ್ವಲ್ಲ’ ಅಂತ ಆಮೇಲೆ ತೋರಿಸೋಕೆ ಇಟ್ಟುಕೊಂಡ ರಸೀದಿ ಅದು.

ನನ್ನ ಟೀಮಿನ ಗೆಳೆಯನೊಬ್ಬ ಹೆಂಡತಿ ಮಕ್ಕಳ ಜೊತೆ ಮಾಲ್ಟಾಗೆ ಹೋಗಿ ಬಂದ. ಕೊಮಿನೊ ಅನ್ನೋ ಪುಟ್ಟ ದ್ವೀಪ, ಬ್ಲೂ ಲಗೂನ್, ದಿನವಿಡೀ ಬೋಟು, ಈಜು. ಊಟದ ಹೊತ್ತಿಗೆ ಫೋಟೊ ತೋರಿಸುತ್ತಾ, ‘ಅಲ್ಲಿ ನೀರು ಸೇಫ್ ಮಗಾ, ನಿಮ್ಮ ಕಡೆ ಹೊಳೆ ಥರ ಅಲ್ಲ’ ಅಂದ. ನೀರು ಎಲ್ಲೂ ಸೇಫ್ ಅಲ್ಲ ಸ್ವಾಮಿ. ಮೆಡಿಟರೇನಿಯನ್ನಿಗೇನು ಮುಳುಗಿಸೋಕೆ ಬರಲ್ವಾ? ವ್ಯತ್ಯಾಸ ದಂಡೆಯಲ್ಲಿದೆ. ಈಜುವ ಜಾಗ ಇಷ್ಟು, ಬೋಟು ಬರುವುದು ಇಲ್ಲಿವರೆಗೆ ಅಂತ ಅಲ್ಲಿ ನೀರಿನ ಮೇಲೆ ತೇಲುಬುರುಡೆಗಳ ಸಾಲು ಕಟ್ಟಿರ್ತಾರೆ. ಲೈಫ್ ಜಾಕೆಟ್ ಹಾಕ್ಕೊ ಅಂದ್ರೆ ನಮ್ಮವನೂ ತೆಪ್ಪಗೆ ಹಾಕ್ಕೊಂಡಿದ್ದಾನೆ. ಅದೇ ಮನುಷ್ಯ ಭರಚುಕ್ಕಿಯಲ್ಲಿ ತೆಪ್ಪ ಹತ್ತಿದರೆ, ‘ಫೋಟೊದಲ್ಲಿ ಚೆನ್ನಾಗಿ ಕಾಣಲ್ಲ’ ಅಂತ ಜಾಕೆಟ್ ಬಿಚ್ಚಿ ತೊಡೆ ಮೇಲಿಟ್ಟುಕೊಳ್ತಾನೆ!

ದ್ವೀಪ ನಮಗೇನು ಕಮ್ಮಿಯೇ? ಮಳವಳ್ಳಿ ದಾಟಿದರೆ ಶಿವನಸಮುದ್ರ. ಕಾವೇರಿ ಎರಡಾಗಿ ಸೀಳಿ ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತಾಳೆ. 1902ರಲ್ಲೇ ಆ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಾಡು ಇದು. ಅಷ್ಟು ದೂರ ತಂತಿ ಎಳೆದವರಿಗೆ ಮುತ್ತತ್ತಿಯ ದಡದಲ್ಲಿ ನೂರಡಿ ಹಗ್ಗ ಎಳೆಯೋಕೆ ಇಂಜಿನಿಯರಿಂಗ್ ಸಾಲದೇ ಹೋಯ್ತಾ?

‘ಹೊಳೆಗೆ ಹೋಗೋದು ಯಾಕೆ? ಮೋಜಿಗೆ ತಾನೇ’ ಅನ್ನೋರಿದ್ದಾರೆ. ಮೋಜಿಗೇ ಅಂತಿಟ್ಟುಕೊಳ್ಳಿ, ತಪ್ಪೇನು? ಮದ್ದೂರಿನ ಗಾರ್ಮೆಂಟ್ಸ್ ಕೆಲಸದವರಿಗೂ ಮಂಡ್ಯದ ಆಟೊ ಓಡಿಸುವವರಿಗೂ ಮಕ್ಕಳನ್ನು ಕರ್ಕೊಂಡು ಹೋಗೋಕೆ ಇರೋ ಸಮುದ್ರ ಅದೊಂದೇ. ಪುಳಿಯೋಗರೆ ಕಟ್ಟಿಕೊಂಡು, ದೇವರ ದರ್ಶನ ಮಾಡಿ, ನೀರಿಗಿಳಿದು ಬರೋದು. ಇನ್ನು ನಾಲೆಗೆ ಬಟ್ಟೆ ಒಗೆಯೋಕೆ ಹೋಗುವ ಹೆಂಗಸರು, ಎಮ್ಮೆ ಮೈ ತೊಳೆಯೋಕೆ ಹೋಗುವ ಹುಡುಗರು ಮೋಜಿಗೆ ಹೋದವರಾ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದಲ್ಲಿ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 38 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸತ್ತರು. ದಿನಕ್ಕೆ ನೂರರ ಮೇಲೆ. ಅಷ್ಟೂ ಜನ ಸೆಲ್ಫಿ ತೆಗೆಯೋಕೆ ಹೋದವರಲ್ಲ.

ನಾನು ಈಜು ಕಲಿತಿದ್ದು ನಮ್ಮೂರ ನಾಲೆಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು, ಚಿಕ್ಕಪ್ಪನ ಕೈಲಿ ಬೈಸಿಕೊಂಡು. ಅದೇ ನಾಲೆಯಲ್ಲಿ ದಿನಾ ಬಟ್ಟೆ ಒಗೆಯುತ್ತಿದ್ದ ನಮ್ಮಕ್ಕನಿಗೆ ಯಾರೂ ಕಲಿಸಲಿಲ್ಲ. ‘ಹೆಣ್ಣೈಕ್ಳಿಗೆ ಯಾಕ್ಲಾ ಈಜು?’ ನೀರಿನ ಹತ್ತಿರ ಹೆಚ್ಚು ಹೊತ್ತು ಇರ್ತಿದ್ದವಳು ಅವಳು. ಈಗ ಗಂಡು ಮಕ್ಕಳಿಗೂ ಕಲಿಸುವವರಿಲ್ಲ. ಚಿಕ್ಕಪ್ಪಂದಿರು ಬೆಂಗಳೂರು ಸೇರಿದ್ದಾರೆ. ಮಣ್ಣಿನ ನಾಲೆಗೆ ಕಾಂಕ್ರೀಟ್ ಬಂದಿದೆ. ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ಕಾಲು ಜಾರಿದರೆ ಹಿಡಿಯೋಕೆ ಹುಲ್ಲೂ ಸಿಗಲ್ಲ, ಬೇರೂ ಸಿಗಲ್ಲ. ಈಜು ಬಂದವನೂ ಹತ್ತೋಕೆ ಒದ್ದಾಡಬೇಕು.

ಬೇರೆಯವರು ಏನು ಮಾಡಿದರು ನೋಡಿ. ನೆದರ್‌ಲ್ಯಾಂಡ್ಸ್‌ಗೆ ಆನ್‌ಸೈಟ್ ಹೋದ ಗೆಳೆಯರಿದ್ದರೆ ಕೇಳಿ. ಕಾಲುವೆಗಳ ಆ ದೇಶದಲ್ಲಿ ಮಕ್ಕಳಿಗೆ ಎ, ಬಿ, ಸಿ ಅಂತ ಈಜಿನ ಡಿಪ್ಲೊಮಾ. ಪರೀಕ್ಷೆಯಲ್ಲಿ ಬಟ್ಟೆ ತೊಟ್ಟುಕೊಂಡೇ ಈಜಿ ತೋರಿಸಬೇಕು, ಯಾಕಂದ್ರೆ ಕಾಲುವೆಗೆ ಬೀಳುವವರು ಈಜುಡುಗೆ ಹಾಕ್ಕೊಂಡು ಬೀಳಲ್ಲ. ‘ಅದು ಶ್ರೀಮಂತರ ದೇಶ’ ಅಂತೀರಾ? ಹಾಗಾದ್ರೆ ಬಾಂಗ್ಲಾದೇಶ ನೋಡಿ. ಊರ ಕೆರೆಯಲ್ಲಿ ಬಿದಿರಿನ ಅಟ್ಟಣೆ ಕಟ್ಟಿ, ಸುತ್ತ ಬೇಲಿ ಹಾಕಿ, ಹಳ್ಳಿ ಮಕ್ಕಳಿಗೆ ಈಜು ಕಲಿಸ್ತಾರೆ. ಮುಳುಗುವವರನ್ನು ದಡದಿಂದಲೇ ಹೇಗೆ ಎಳೆಯಬೇಕು ಅನ್ನೋದನ್ನೂ ಕಲಿಸ್ತಾರೆ. ನಮ್ಮ ಜಿಲ್ಲೆಯಲ್ಲಿ ಬಿದಿರು ಸಿಗಲ್ವಾ, ಕೆರೆ ಇಲ್ವಾ?

‘ಈಜು ಕಲಿಸಿದರೆ ಧೈರ್ಯ ಬಂದು ಮಡುವಿಗೇ ಹಾರ್ತಾರೆ’ ಅನ್ನೋದು ದೊಡ್ಡವರ ವಾದ. ಅರ್ಧ ನಿಜ. ಸುಳಿಗೆ ಸಿಕ್ಕರೆ, ಕುಡಿದು ಇಳಿದರೆ ಈಜುಗಾರನೂ ಉಳಿಯಲ್ಲ. ಆದರೆ ಮಡು ಎಲ್ಲಿದೆ ಅಂತ ಗೊತ್ತಾಗೋದು ಕಲಿಸುವವರಿದ್ದಾಗ, ಬೋರ್ಡು ಓದಿ ಅಲ್ಲ. ಒಬ್ಬ ಮುಳುಗಿದಾಗ ಅವನನ್ನು ಹಿಡಿಯೋಕೆ ತಮ್ಮ, ತಮ್ಮನನ್ನು ಹಿಡಿಯೋಕೆ ಅಪ್ಪ ಹಾರಿ ಮನೆಗೆ ಮನೆಯೇ ಖಾಲಿಯಾಗೋದನ್ನು ಎಷ್ಟು ಸಲ ಓದಿಲ್ಲ ನಾವು? ಹಾರಬೇಡ, ಸೀರೆ ಎಸೆ, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆ ಅಂತ ಒಬ್ಬರು ಹೇಳಿಕೊಟ್ಟಿದ್ದರೆ ಅದರಲ್ಲಿ ಕೆಲವರಾದರೂ ಉಳೀತಿದ್ರು.

ಆ ಸುದ್ದಿಗಳಲ್ಲಿ ಒಂದು ಸಾಲು ತಪ್ಪದೇ ಬರುತ್ತೆ, ಗಮನಿಸಿ: ‘ನುರಿತ ಈಜುಗಾರರು ಶವ ಹೊರತೆಗೆದರು.’ ಅಂದ್ರೆ ನುರಿತ ಈಜುಗಾರರು ಇದ್ದಾರೆ! ಅಲ್ಲೇ ಇದ್ದಾರೆ, ಮೀನು ಹಿಡಿಯುವವರು, ತೆಪ್ಪ ಹಾಕುವವರು. ಹೊಳೆಯ ಒಂದೊಂದು ಬಂಡೆಯೂ ಅವರಿಗೆ ಗೊತ್ತು. ಹೆಣ ತೆಗೆಯೋಕೆ ಕರೆಯುವ ಅವರನ್ನು ಶನಿವಾರ, ಭಾನುವಾರ ಸಂಬಳ ಕೊಟ್ಟು ದಡದಲ್ಲಿ ನಿಲ್ಲಿಸಿದರೆ ಏನು ಗಂಟು ಹೋಗುತ್ತೆ? ಸೀತೆಯ ಮುತ್ತು ನೀರಿಗೆ ಬಿದ್ದಾಗ ಹನುಮಂತ ಎತ್ತಿಕೊಟ್ಟ, ಅದಕ್ಕೇ ಮುತ್ತತ್ತಿ ಅಂತ ಸ್ಥಳಪುರಾಣ. ಹನುಮಂತನೂ ದಡದಲ್ಲಿ ಇದ್ದಿದ್ದಕ್ಕೇ ತಾನೇ ಎತ್ತಿದ್ದು?

2018ರ ನವೆಂಬರ್ 24ನ್ನು ಮಂಡ್ಯದವರು ಮರೆಯಲ್ಲ. ಅಂದು ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ರಾತ್ರಿ ಅಂಬರೀಶ್ ಹೋದರು. ಆ ಬಸ್ಸಿನಲ್ಲಿದ್ದವರು ಈಜೋಕೆ ಹೋದವರಲ್ಲ, ಮನೆಗೆ ಹೊರಟವರು, ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ನೀರಿನ ಪಕ್ಕ ಬದುಕುವ ಜಿಲ್ಲೆಗೆ ನೀರಿನಿಂದ ದೂರ ಇರು ಅನ್ನೋದು ಉಪದೇಶವೇ ಅಲ್ಲ. ತಡೆಗೋಡೆ ಬೇಕು. ನಾಲೆಗೆ ಅಲ್ಲಲ್ಲಿ ಮೆಟ್ಟಿಲು, ಸರಪಳಿ ಬೇಕು. ಪ್ರತಿ ಪಂಚಾಯಿತಿಯಲ್ಲೂ ಬೇಸಿಗೆ ರಜೆಗೆ ಈಜಿನ ಪಾಠ ಬೇಕು, ಹೆಣ್ಣು ಮಕ್ಕಳಿಗೆ ಮೊದಲು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಅಪಾರ್ಟ್‌ಮೆಂಟಿನಲ್ಲಿ ನಾಲ್ಕಡಿ ಪೂಲು, ಅದಕ್ಕೊಬ್ಬ ಕೋಚ್ ಇದ್ದಾನೆ. ಊರಲ್ಲಿರೋ ಅಕ್ಕನ ಮಕ್ಕಳನ್ನು ಈ ಬೇಸಿಗೆಗೆ ಕರೆಸಿಕೊಳ್ಳಿ. ಆಮೇಲೆ ನಿಮ್ಮೂರ ಪಂಚಾಯಿತಿ ಗ್ರಾಮಸಭೆಗೆ ಒಂದು ದಿನ ರಜೆ ಹಾಕಿ ಹೋಗಿ, ನಮ್ಮ ಕೆರೆಗೆ ಬಿದಿರಿನ ಅಟ್ಟಣೆ ಯಾವಾಗ ಅಂತ ಎದ್ದು ನಿಂತು ಕೇಳಿ. ಬೋರ್ಡು ಹಾಕ್ತೀವಿ ಅಂದ್ರೆ ಮಾತ್ರ ಕೂತ್ಕೋಬೇಡಿ.